ಮಾವನಿಗೆ ಬಡಿಸಿದ ಫ್ರೆಂಚ್ ವೈನ್

ಅಂದು ಸಂಜೆ ಆ ಲೋಟದಲ್ಲಿ ವೈನ್ ಎಲ್ಲಿಯವರೆಗೆ ಇತ್ತು ಎಂದು ನಾನು ಖಂಡಿತವಾಗಿ ಹೇಳಲಾರೆ. ಚಿನ್ನದ ಗೆರೆಯವರೆಗೆ ಇತ್ತು ಎಂದು ಬಹಳ ದಿನ ಹೇಳಿಕೊಂಡು ಬಂದೆ. ಹೇಳಿ ಹೇಳಿ, ಈಗ ನನಗೆ ನೆನಪಿರುವುದು ಲೋಟವೋ ಅಥವಾ ನಾನೇ ಆಡಿದ ಮಾತೋ ಎಂಬ ಅನುಮಾನ ಶುರುವಾಗಿದೆ. ಕುವೈತಿನ ಅಹ್ಮದಿಯ ತೈಲ ಕಂಪನಿಯೊಂದರ ಲ್ಯಾಬಿನಲ್ಲಿ ನನಗೆ ಕೆಲಸ. ಕಚ್ಚಾ ತೈಲದಲ್ಲಿ ಗಂಧಕ ಎಷ್ಟಿದೆ, ನೀರು ಎಷ್ಟಿದೆ ಎಂದು ನೋಡುತ್ತೇನೆ. ಅಲ್ಲಿ ಒಂದು ಸಲ ಅಳೆದದ್ದನ್ನು ಯಾರೂ ನಂಬುವುದಿಲ್ಲ. ಮಾದರಿಯ ಇನ್ನೊಂದು ಪಾಲನ್ನು ಕಪಾಟಿನಲ್ಲಿ ಎತ್ತಿಟ್ಟಿರುತ್ತೇವೆ, ಸಂಶಯ ಬಂದರೆ ತೆಗೆದು ಮತ್ತೆ ನೋಡುತ್ತೇವೆ. ಆ ಸಂಜೆಯಿಂದ ಹಾಗೆ ಎತ್ತಿಟ್ಟದ್ದು ಏನೂ ಇಲ್ಲ. ಇದ್ದದ್ದನ್ನೆಲ್ಲ ನಾನೇ ಸಿಂಕಿಗೆ ಸುರಿದೆ.

ನಾನು ದಾವಣಗೆರೆಯ ಕಡೆಯವನು. ಹೆಂಡತಿ ಸುರತ್ಕಲ್ಲಿನವಳು, ಮನೆಮಾತು ತುಳು. ಮಂಗಳೂರಿನಲ್ಲಿ ಎಂ.ಎಸ್ಸಿ. ಓದುವಾಗ ಪರಿಚಯವಾಗಿ ಮದುವೆಯಾದವರು ನಾವು. ಅವಳ ಅಣ್ಣ, ನನ್ನ ಭಾವ, ಮಿರ್ಕಾಬಿನ ಒಂದು ವ್ಯಾಪಾರಿ ಕಚೇರಿಯಲ್ಲಿ ಖರೀದಿ ವಿಭಾಗ ನೋಡಿಕೊಳ್ಳುತ್ತಾರೆ. ಅವರು ನನ್ನನ್ನು ಕರೆಯುವುದೂ ಭಾವ ಎಂದೇ. ಅವರ ತಂದೆ, ಅಂದರೆ ನನ್ನ ಮಾವ, ಬಸ್ ಕಂಡಕ್ಟರ್ ಆಗಿದ್ದವರು, ಆ ಸಂಜೆಗೆ ಹಿಂದಿನ ಚಳಿಗಾಲದಲ್ಲಿ ತೀರಿಕೊಂಡರು. ಭಾವ ಆ ರಾತ್ರಿಯ ವಿಮಾನಕ್ಕೇ ಹೊರಟರು. ಹೆಂಡತಿಗೆ ಹೋಗಲಾಗಲಿಲ್ಲ. ಅವಳ ಇಕಾಮಾ, ಅಂದರೆ ಇಲ್ಲಿ ಇರುವ ಪರವಾನಗಿ, ನವೀಕರಣಕ್ಕೆ ಹೋಗಿತ್ತು. ಆ ಸ್ಥಿತಿಯಲ್ಲಿ ದೇಶ ಬಿಟ್ಟರೆ ವಾಪಸು ಬರುವುದು ಕಷ್ಟ ಎಂದು ಕಂಪನಿಯವರು ಹೇಳಿದರು. ಫೋನಿನಲ್ಲಿ ಅಪ್ಪನ ಮುಖ ನೋಡಿದಳು. ನೆಟ್‌ವರ್ಕ್ ಸರಿ ಇರಲಿಲ್ಲ, ಮುಖ ಚೌಕ ಚೌಕವಾಗಿ ಒಡೆಯುತ್ತಿತ್ತು.

ಆಟಿ ತಿಂಗಳು ಬಂತು. ತುಳುನಾಡಿನವರು ಆಟಿಯಲ್ಲಿ ತೀರಿಕೊಂಡ ಹಿರಿಯರಿಗೆ ಎಲೆ ಹಾಕಿ ಬಡಿಸುತ್ತಾರೆ. ಅವರಿಗೆ ಇಷ್ಟವಾಗಿದ್ದ ಊಟ, ಜೊತೆಗೆ ಅವರು ಕುಡಿಯುತ್ತಿದ್ದದ್ದು. ಬಡಿಸಿ, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಲ್ಲುತ್ತಾರೆ. ಸ್ವಲ್ಪ ಹೊತ್ತು ಕಳೆದು, ಕೈತಟ್ಟಿ ಸದ್ದು ಮಾಡಿ ಒಳಗೆ ಹೋಗುತ್ತಾರೆ. ಎಲೆಯ ಮೇಲಿದ್ದದ್ದನ್ನು ಆಮೇಲೆ ಮಕ್ಕಳು ತಿನ್ನಬೇಕು, ಲೋಟದಲ್ಲಿದ್ದದ್ದನ್ನು ಮಕ್ಕಳು ಬಾಯಿಗೆ ಮುಟ್ಟಿಸಬೇಕು. ನಮ್ಮ ಮನೆಯಲ್ಲಿ ಇಂಥದ್ದು ಇರಲಿಲ್ಲ. ಇದನ್ನೆಲ್ಲ ನಾನು ಹೆಂಡತಿಯಿಂದ ಕೇಳಿ ತಿಳಿದದ್ದು.

ಫಹಾಹೀಲಿನ ನಮ್ಮ ಫ್ಲ್ಯಾಟಿಗೆ ಒಂದು ಶುಕ್ರವಾರ ಮಧ್ಯಾಹ್ನ ಭಾವ ಬಂದರು. ಹೊರಗೆ ಬಿಸಿಗಾಳಿ. ಕೈಯಲ್ಲಿ ಕೋಳಿ, ಮಲಯಾಳಿ ಅಂಗಡಿಯ ಬಾಳೆಲೆ, ಕುಚ್ಚಲಕ್ಕಿಯ ಚೀಲ. ಬಡಿಸಬೇಕಾದ ಅಮಾವಾಸ್ಯೆ ಆಗಿ ಕೆಲವು ದಿನ ಕಳೆದಿತ್ತು. ನಾನು ಅದನ್ನೇ ಕೇಳಿದೆ.

"ಇಲ್ಲಿ ಸತ್ತವರಿಗೂ ಶುಕ್ರವಾರವೇ ರಜೆ ಭಾವ," ಎಂದರು ಅವರು.

ಆಮೇಲೆ ಅಡುಗೆಮನೆಯ ಬಾಗಿಲು ಎಳೆದುಕೊಂಡು, ಅಕ್ಕಿಚೀಲದೊಳಗೆ ಮೊಣಕೈವರೆಗೆ ಕೈಹಾಕಿ ಟವೆಲ್ಲಿನಲ್ಲಿ ಸುತ್ತಿದ್ದ ಒಂದು ಬಾಟಲಿ ತೆಗೆದರು. ಕುತ್ತಿಗೆಗೆ ಜೇನುಮೇಣದ ಬಣ್ಣದ ಅರಗು. ಕಪ್ಪು ಗಾಜು. ಕೆಂಪು ವೈನ್.

ಈ ದೇಶದಲ್ಲಿ ಅದು ಮನೆಯಲ್ಲಿ ಇರುವುದೇ ಅಪರಾಧ. ಸಿಕ್ಕಿಬಿದ್ದರೆ ಕೆಲಸ ಹೋಗುತ್ತದೆ, ಗಡೀಪಾರು ಮಾಡುತ್ತಾರೆ. ನಾನು ಮೊದಲು ಮಾಡಿದ್ದು ಕಿಟಕಿಯ ಪರದೆ ಎಳೆದದ್ದು. ನಮ್ಮದು ಐದನೆಯ ಮಹಡಿ, ಎದುರಿಗೆ ಇದ್ದದ್ದು ಖಾಲಿ ನಿವೇಶನ.

"ಎಲ್ಲಿಂದ ತಂದ್ರಿ ಇದನ್ನ?"

"ಅದು ನೀವು ಕೇಳ್ಬಾರ್ದು, ನಾನು ಹೇಳ್ಲಿಕ್ಕೂ ಇಲ್ಲ."

ಚಹಾ ಕುಡಿದ ಮೇಲೆ ತಾವಾಗಿಯೇ ಹೇಳಿದರು. ಅವರ ಕಚೇರಿಗೆ ಪಂಪು ಸರಬರಾಜು ಮಾಡುವ ಕಂಪನಿಯ ಫ್ರೆಂಚ್ ಎಂಜಿನಿಯರ್ ಒಬ್ಬ ಕೊಟ್ಟದ್ದು. ಅವನ ಅಜ್ಜಿಯ ಮನೆಯವರದೇ ದ್ರಾಕ್ಷಿತೋಟವಂತೆ, ಮನೆಮಂದಿಯೇ ಸೇರಿ ವೈನ್ ಮಾಡುತ್ತಾರಂತೆ. ಅಪ್ಪನಿಗೆ ಬಡಿಸಬೇಕು ಎಂದು ಭಾವ ಹೇಳಿದಾಗ ಅವನು ಕಣ್ಣಲ್ಲಿ ನೀರು ಹಾಕಿಕೊಂಡನಂತೆ. ಇದು ಮೊದಲನೆಯ ಕಥೆ. ಸ್ವಲ್ಪ ಹೊತ್ತಿನ ಮೇಲೆ ಹೆಂಡತಿಗೆ ಹೇಳುವಾಗ, ಎಂಜಿನಿಯರ್ ಕೆಲಸ ಮುಗಿಸಿ ಹೊರಟಿದ್ದ, ಕೊಟ್ಟದ್ದು ಅವನ ಡ್ರೈವರ್ ಎಂದಂತೆ ನೆನಪು. ಕಥೆ ಬದಲಾಯಿತೋ, ನಾನು ತಪ್ಪಾಗಿ ಕೇಳಿಸಿಕೊಂಡೆನೋ ತಿಳಿಯದು. ಡ್ರೈವರ್ ಎಂದ ಕೂಡಲೇ ನನ್ನ ಅನುಮಾನ ಬೇರೆ ದಾರಿ ಹಿಡಿಯಿತು.

ಇಲ್ಲಿ ಕದ್ದು ಮಾಡುವ ಮದ್ಯವನ್ನು ಒಳ್ಳೆಯ ವಿದೇಶಿ ಬಾಟಲಿಗಳಿಗೆ ತುಂಬಿ ಮಾರುವವರಿದ್ದಾರೆ ಎಂದು ಎಲ್ಲರೂ ಹೇಳುತ್ತಾರೆ. ಅದನ್ನು ಕುಡಿದು ಕಣ್ಣು ಕಳೆದುಕೊಂಡವರ, ಸತ್ತವರ ಸುದ್ದಿಯೂ ಆಗಾಗ ಬರುತ್ತದೆ. ಅದರಲ್ಲಿ ಸೇರುವ ಮೆಥನಾಲ್ ಏನು ಮಾಡುತ್ತದೆ ಎಂದು ನನಗೆ ಓದಿ ಗೊತ್ತು. ಕುಡಿದ ಕೂಡಲೇ ಏನೂ ಗೊತ್ತಾಗುವುದಿಲ್ಲ. ಮರುದಿನ ಕಣ್ಣಿಗೆ ಮಂಜು ಕವಿದಂತೆ ಆಗುತ್ತದೆ.

ಬಾಟಲಿಯನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದೆ. ಮುಂದಿನ ಲೇಬಲ್ಲಿನಲ್ಲಿ ಒಂದು ಕಲ್ಲುಗೋಡೆ, ಅಂಜೂರದ ಮರ, ಕೆಳಗೆ ಹಸುವಿನ ಕೊಂಬಿನ ಚಿತ್ರ. ಹಿಂದಿನ ಲೇಬಲ್ಲು ಅರ್ಧ ಹರಿದಿತ್ತು. ಫೋನಿನ ಕ್ಯಾಮೆರಾದಲ್ಲಿ ಅದನ್ನು ಇಂಗ್ಲಿಷಿಗೆ ತಿರುಗಿಸಿ ಓದಿದೆ. ತಲೆಮಾರುಗಳಿಂದ ಒಂದೇ ಮನೆಯವರು ನೋಡಿಕೊಂಡ ತೋಟ, ಬಯೊಡೈನಮಿಕ್ ಕೃಷಿ, ಹಸುವಿನ ಕೊಂಬಿನಲ್ಲಿ ಸೆಗಣಿ ತುಂಬಿ ಚಳಿಗಾಲವಿಡೀ ಮಣ್ಣಿನಲ್ಲಿ ಹೂತಿಟ್ಟು, ಆಮೇಲೆ ತೆಗೆದು ನೀರಿನಲ್ಲಿ ಕದಡಿ ನೆಲಕ್ಕೆ ಚಿಮುಕಿಸುತ್ತಾರೆ, ಬಳ್ಳಿ ಸವರುವುದು, ಹಣ್ಣು ಕೊಯ್ಯುವುದು ಚಂದ್ರನ ಗತಿ ನೋಡಿ. ಅಲ್ಲಿಗೆ ಕಾಗದ ಹರಿದಿತ್ತು.

"ಇದೇನು ವೈನೋ ಪಂಚಾಂಗವೋ?" ಎಂದೆ. "ಕೊಂಬಿನಲ್ಲಿ ಸೆಗಣಿ ಹೂತರೆ ದ್ರಾಕ್ಷಿಗೆ ಏನಾಗುತ್ತೆ? ಇಂಥದ್ದನ್ನ ನಂಬಿ ಜನ ದುಡ್ಡು ಕೊಡ್ತಾರೆ."

"ಇದನ್ನೇ ನನ್ನ ಅಪ್ಪ ಹೇಳಿದ್ರೆ ಮೂಢನಂಬಿಕೆ. ಫ್ರೆಂಚರು ಹೇಳಿದ್ರೆ ಲೇಬಲ್," ಎಂದರು ಭಾವ. "ಅವರು ಚಂದ್ರನನ್ನು ನೋಡಿ ದ್ರಾಕ್ಷಿ ಕೊಯ್ತಾರೆ. ನಾವು ಶುಕ್ರವಾರ ನೋಡಿ ಅಪ್ಪನಿಗೆ ಬಡಿಸ್ತೇವೆ. ಯಾರು ಮೇಲು ನೀವೇ ಹೇಳಿ."

"ಇದು ಒಳಗಿರೋದು ಆ ತೋಟದ್ದೇ ಅಂತ ಏನು ಗ್ಯಾರಂಟಿ?"

"ಅರಗು ಉಂಟಲ್ಲ."

"ಮೇಣದಬತ್ತಿ ಕರಗಿಸಿ ನಾನೂ ಹಾಕಬಲ್ಲೆ."

"ನಿಮ್ಮ ಲ್ಯಾಬಿಗೆ ತಗೊಂಡು ಹೋಗಿ ನೋಡಿ ಹಾಗಾದ್ರೆ."

ಅವರು ತಮಾಷೆಗೆ ಹೇಳಿದ್ದು. ನಾನು ಅದನ್ನು ಆಗಲೇ ಯೋಚಿಸಿದ್ದೆ. ಲ್ಯಾಬಿನ ಯಂತ್ರದಲ್ಲಿ ಒಂದು ತೊಟ್ಟು ಹಾಕಿದರೆ ಸಾಕು, ಮೆಥನಾಲ್ ಇದೆಯೋ ಇಲ್ಲವೋ ತಿಳಿಯುತ್ತದೆ. ಆದರೆ ಕಂಪನಿಯ ಗೇಟಿನಲ್ಲಿ ಚೀಲ ನೋಡುತ್ತಾರೆ. ಆ ಒಂದು ತೊಟ್ಟು ಜೇಬಿನಲ್ಲಿಟ್ಟುಕೊಂಡು ಆ ಗೇಟು ದಾಟುವ ಧೈರ್ಯ ನನಗಿಲ್ಲ.

ಕೋಳಿ ತೊಳೆಯುತ್ತಿದ್ದ ಹೆಂಡತಿ ಕೈ ಒರೆಸಿಕೊಂಡು ಬಂದಳು. ಅವಳ ಯೋಚನೆ ಬೇರೆ ಇತ್ತು. ಲೋಟಕ್ಕೆ ದ್ರಾಕ್ಷಿ ಜ್ಯೂಸು ಹಾಕುವುದು ಎಂದು ವಾರದ ಹಿಂದೆಯೇ ನಾವಿಬ್ಬರೂ ಮಾತಾಡಿಕೊಂಡಿದ್ದೆವು.

"ಅಪ್ಪನಿಗೆ ಜ್ಯೂಸ್ ಇಟ್ರೆ ಎಲೆ ಬಿಟ್ಟು ಎದ್ದು ಹೋಗ್ತಾರೆ," ಎಂದರು ಭಾವ ಅವಳಿಗೆ. "ಗೊತ್ತುಂಟಲ್ಲ ನಿಂಗೆ."

"ಅಪ್ಪ ಕುಡೀತಿದ್ದದ್ದು ಶೇಂದಿ. ವೈನ್ ಅಲ್ಲ."

"ಶೇಂದಿ ಇಲ್ಲಿ ಖರ್ಜೂರದ ಮರಕ್ಕೆ ಹತ್ತಿ ಇಳಿಸ್ಲಾ? ನೀನೇ ಹೇಳು."

ಅವಳು ನಕ್ಕಳು. ಅಪ್ಪ ಹೋದ ಮೇಲೆ ಅಣ್ಣನ ಮಾತಿಗೆ ಅವಳು ನಕ್ಕದ್ದು ನಾನು ಕಂಡಂತೆ ಅದೇ ಮೊದಲು. ಆಮೇಲೆ ನನ್ನ ಕಡೆ ತಿರುಗಿ, "ಒಂದು ಸಲ ಸರಿಯಾಗಿ ಬಡಿಸ್ತೇನೆ. ಅವರು ತಗೊಂಡ್ರು ಅಂತ ನನಗೆ ಗೊತ್ತಾಗ್ಬೇಕು. ಅಷ್ಟೇ ನನಗೆ ಬೇಕಾದ್ದು," ಎಂದಳು.

ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ವೈನ್ ಬಡಿಸುವುದು ಮಾವನಿಗೆ ಮಾತ್ರ. ಬಾಗಿಲು ತೆರೆದ ಮೇಲೆ ಯಾರೂ ಬಾಯಿಗೆ ಮುಟ್ಟಿಸಬಾರದು. ಉಳಿದದ್ದು ಸಿಂಕಿಗೆ. ಅವಳು "ಆಯ್ತು" ಎಂದಳು. ಇಡೀ ಒಪ್ಪಂದಕ್ಕೆ ಆಯ್ತು ಎಂದಳೋ, ಮಾತು ಮುಗಿಸಲು ಆಯ್ತು ಎಂದಳೋ, ಆಗ ನಾನು ಬೇರ್ಪಡಿಸಿ ನೋಡಲಿಲ್ಲ.

ಸಂಜೆಯಾಗುವ ಹೊತ್ತಿಗೆ ಚಿಕ್ಕ ಕೋಣೆಯಲ್ಲಿ ಚಾಪೆ ಹಾಸಿ, ಎಲೆ ಹಾಕಿ ಕುಚ್ಚಲಕ್ಕಿ ಅನ್ನ, ಕೋಳಿ ಸಾರು, ರೊಟ್ಟಿ, ಹುರಿದ ಬಂಗುಡೆ ಬಡಿಸಿದಳು. ಕೆಸುವಿನೆಲೆ ಸಿಗದ್ದರಿಂದ ಪತ್ರೊಡೆ ಇಲ್ಲ ಎಂದು ಬೇಸರಪಟ್ಟಳು. ಊರಿನಲ್ಲಾದರೆ ಮಾವನ ಸ್ಟೀಲ್ ಲೋಟ ಇಡುತ್ತಿದ್ದರು. ಇಲ್ಲಿ ಇಟ್ಟದ್ದು ಇಸ್ತಿಕಾನಾ, ಕುವೈತಿನವರು ಹಾಲಿಲ್ಲದ ಸುಲೈಮಾನಿ ಚಹಾ ಕುಡಿಯುವ ನಡು ಸಣ್ಣಗಿರುವ ಪುಟ್ಟ ಗಾಜಿನ ಲೋಟ. ಅದರ ಕಂಠದ ಸ್ವಲ್ಪ ಕೆಳಗೆ ಸುತ್ತ ಒಂದು ಚಿನ್ನದ ಗೆರೆ ಇರುತ್ತದೆ.

ಭಾವ ಚಾಕುವಿನಿಂದ ಅರಗು ಕೆತ್ತಿ, ಮುಚ್ಚಳದ ಬೆಂಡಿಗೆ ಸ್ಕ್ರೂ ತಿರುಗಿಸಿ ಇಕ್ಕಳದಿಂದ ಎಳೆದರು. ವಾಸನೆ ನೋಡಿದೆ. ಕೊಟ್ಟಿಗೆಯ ವಾಸನೆ, ಹಳೆಯ ಚರ್ಮದ ವಾಸನೆ, ಅದರ ಅಡಿಯಲ್ಲಿ ಎಲ್ಲೋ ನೇರಳೆಹಣ್ಣು. ಒಂದು ತೊಟ್ಟು ವೈನನ್ನು ತಟ್ಟೆಯಲ್ಲಿ ಅಡುಗೆ ಸೋಡಾದ ಮೇಲೆ ಹಾಕಿದೆ. ಕೆಂಪು ಬಣ್ಣ ನೀಲಿ ಹಸಿರಿಗೆ ತಿರುಗಿತು. ದ್ರಾಕ್ಷಿಯ ಬಣ್ಣ ಎಂದಾಯಿತು. ಅದರಿಂದ ಏನು ತಿಳಿದಂತಾಯಿತು? ಕದ್ದು ಮಾಡುವವರೂ ದ್ರಾಕ್ಷಿ ರಸದಿಂದಲೇ ಮಾಡುವುದು.

ಲೋಟಕ್ಕೆ ಸುರಿದದ್ದು ಹೆಂಡತಿ. ವೈನ್ ತಿಳಿಯಾಗಿರಲಿಲ್ಲ, ಕೊಂಚ ಮಬ್ಬು. ಬಾಟಲಿ ಓರೆ ಮಾಡಿದಾಗ ಅಡಿಯಲ್ಲಿ ಕಪ್ಪು ಗಸಿ ಜಾರುವುದು ಕಂಡಿತು. ಅಂಗಡಿಯ ಮಾಲಿನಲ್ಲಿ ಗಸಿ ಇರುತ್ತದೆಯೇ? ಕಲಬೆರಕೆ ಎಂಬ ನನ್ನ ಅನುಮಾನ ಅಲ್ಲಿಗೆ ಗಟ್ಟಿಯಾಯಿತು. ಅವಳು ಚಿನ್ನದ ಗೆರೆಯವರೆಗೆ ಸುರಿದಳು. ನನ್ನ ಕಣ್ಣು ಗೆರೆಯ ಮಟ್ಟಕ್ಕೆ ಇತ್ತು. ಅಳತೆಗೊಳವೆ ನೋಡಿ ಅಭ್ಯಾಸ. ಈ ನೆನಪನ್ನೇ ನಾನು ಮೊದಲು ಹೇಳಿದ್ದು.

ದೀಪ ಹಚ್ಚಿ ಬಾಗಿಲು ಮುಚ್ಚಿದೆವು. ಮೂವರೂ ಒಳಗಿನ ಕಿರಿದಾದ ನಡಿಗೆದಾರಿಯಲ್ಲಿ ನಿಂತೆವು. ಒಳಗೆ ಏಸಿಯ ಸದ್ದು ಬಿಟ್ಟರೆ ಏನಿಲ್ಲ. ಅಷ್ಟರಲ್ಲಿ ಮುಂಬಾಗಿಲ ಗಂಟೆ ಹೊಡೆಯಿತು.

ಭಾವ ನನ್ನ ಮುಖ ನೋಡಿ, "ಪೊಲೀಸರು ಗಂಟೆ ಹೊಡೆದು ಬರೋದಿಲ್ಲ ಭಾವ, ತೆಗೀರಿ," ಎಂದರು.

ಮುಂಬಾಗಿಲು ಅಡುಗೆಮನೆಯ ತಿರುವಿನ ಆಚೆ. ಅಲ್ಲಿಂದ ಚಿಕ್ಕ ಕೋಣೆಯ ಬಾಗಿಲು ಕಾಣುವುದಿಲ್ಲ. ನಿಂತಿದ್ದವನು ಕಟ್ಟಡದ ಕಾವಲುಗಾರ, ನಾವೆಲ್ಲ ಹಾರಿಸ್ ಎನ್ನುವವನು.

"ಸದೀಕ್, ಯೆ ಸಯ್ಯಾರಾ ತುಮ್ಹಾರಾ ಮೆಹಮಾನ್ ಕಾ?" ಎಂದು ಮೊಬೈಲಿನಲ್ಲಿ ಭಾವನ ಕಾರಿನ ಫೋಟೋ ತೋರಿಸಿದ. ಅದು ಯಾರೋ ಅರಬ್ ಯಜಮಾನನ ಕಾರಿಗೆ ಅಡ್ಡ ನಿಂತಿತ್ತು, ಅವನು ಕೆಳಗೆ ಕೂಗಾಡುತ್ತಿದ್ದ. "ಯಲ್ಲಾ ಭಾಯಿ, ಹಟಾವೋ. ಅರ್ಬಾಬ್ ನೀಚೆ ಚಿಲ್ಲಾ ರಹಾ ಹೈ."

ಆಮೇಲೆ ಮೂಗೆತ್ತಿ ಗಾಳಿ ಎಳೆದುಕೊಂಡ.

"ಮುರ್ಗಿ?" ಎಂದ.

"ಮುರ್ಗಿ," ಎಂದೆ.

ಭಾವ ಕೀಲಿ ಹಿಡಿದು ಅವನ ಜೊತೆ ಇಳಿದು ಹೋದರು. ನಾನು ಬಾಗಿಲಲ್ಲೇ ನಿಂತು, ಲಿಫ್ಟ್ ಇಳಿಯುವ ಸದ್ದು ನಿಲ್ಲುವವರೆಗೆ ಕಾದೆ. ಅಷ್ಟು ಹೊತ್ತು ಮುಚ್ಚಿದ ಕೋಣೆಯ ಮುಂದೆ ಇದ್ದವಳು ಅವಳೊಬ್ಬಳೇ. ಭಾವ ಇಂದಿಗೂ ತಾನು ಕೆಳಗೆ ಹೋಗಲೇ ಇಲ್ಲ, ಕೀಲಿಯನ್ನು ಹಾರಿಸನ ಕೈಗೆ ಕೊಟ್ಟೆ ಎನ್ನುತ್ತಾರೆ. ಹಾಗಿದ್ದರೆ ಅವರು ಎಲ್ಲಿ ನಿಂತಿದ್ದರು? ನನ್ನ ನೆನಪಿನ ಬಾಗಿಲಲ್ಲಿ ಅವರು ಇಲ್ಲ.

ನಾನು ವಾಪಸು ಬಂದಾಗ ಹೆಂಡತಿ ಬಿಟ್ಟಲ್ಲೇ ನಿಂತಿದ್ದಳು, ಬೆನ್ನು ಗೋಡೆಗೆ, ಎರಡೂ ಕೈ ಸೆರಗಿನೊಳಗೆ. ಭಾವ ಬಂದ ಮೇಲೆ, ಅಥವಾ ಅವರು ಅಲ್ಲೇ ಇದ್ದು, ಅವಳು ಕೈತಟ್ಟಿ ಬಾಗಿಲು ದೂಡಿದಳು.

ಲೋಟದಲ್ಲಿ ವೈನ್ ಗೆರೆಯಿಂದ ಕೆಳಗಿತ್ತು. ಒಂದು ಗುಟುಕಿನಷ್ಟು ಕೆಳಗೆ.

"ಅಪ್ಪ ಬಂದಿದ್ರು," ಎಂದಳು ಅವಳು. ಗಟ್ಟಿಯಾಗಿ ಅಲ್ಲ, ಯಾರಿಗೋ ವಿಷಯ ತಿಳಿಸುವ ಹಾಗೆ. ಭಾವ ಕೈಮುಗಿದು ಕಣ್ಣು ಒರೆಸಿಕೊಂಡರು. ನಾನು ನೆಲ ನೋಡಿದೆ, ಚೆಲ್ಲಿರಲಿಲ್ಲ. ಎಲೆಯ ಅಂಚು ನೋಡಿದೆ. ಏಸಿಯ ಗಾಳಿಗೆ ಆರಿತೇ ಎಂದು ಲೆಕ್ಕ ಹಾಕಿದೆ. ಆಮೇಲೆ ಅವಳ ತುಟಿ ನೋಡಿದೆ. ದೀಪದ ಬೆಳಕಿನಲ್ಲಿ ಎಲ್ಲರ ತುಟಿಯೂ ಕೆಂಪಗೆ ಕಾಣುತ್ತದೆ.

ಭಾವ ಲೋಟಕ್ಕೆ ಕೈಹಾಕಿದರು. ನಾನು ಹಿಡಿದೆ.

"ಮಾತಾಗಿದೆ ಭಾವ."

"ಅಪ್ಪ ಮುಟ್ಟಿದ್ದನ್ನ ಚೆಲ್ಲೋದಾ?"

"ಇದು ವಿಷ ಆಗಿದ್ರೆ?"

"ಅಪ್ಪನಿಗೆ ಕೊಡುವಾಗ ವಿಷ ಅಲ್ಲ, ನಾನು ಕುಡಿಯುವಾಗ ವಿಷವಾ? ಲಾಯ್ಕುಂಟು ನಿಮ್ಮ ವಿಜ್ಞಾನ."

ನಾನು ಲೋಟವನ್ನು ಬಿಡಲಿಲ್ಲ. ಲೋಟದ್ದನ್ನೂ ಬಾಟಲಿಯದನ್ನೂ ಸಿಂಕಿಗೆ ಸುರಿದು ನೀರು ಬಿಟ್ಟೆ. ಗಸಿ ಮಾತ್ರ ಜಾಲರಿಯ ಮೇಲೆ ಕಾಫಿಪುಡಿಯ ಹಾಗೆ ಉಳಿಯಿತು. ಖಾಲಿ ಬಾಟಲಿಯೂ ಸಾಕ್ಷಿಯೇ. ಟವೆಲ್ಲಿನಲ್ಲಿ ಸುತ್ತಿ ಒಡೆದು, ಬೇರೆ ಬೇರೆ ಕಸದ ಚೀಲಗಳಿಗೆ ಹಾಕಿದೆ. ಭಾವ ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು. "ಆ ಅಜ್ಜಿಗೆ ಗೊತ್ತಾದ್ರೆ ಕೊಂಬಿನಲ್ಲಿ ನಿಮ್ಮನ್ನೇ ತುಂಬಿ ಹೂತಾಳು," ಎಂದರು. ಹೆಂಡತಿ ಎಲೆಯ ಮುಂದೆ ಕೂತು ಅಪ್ಪನ ಪಾಲಿನ ಅನ್ನ ಉಣ್ಣುತ್ತಿದ್ದಳು, ನಿಧಾನವಾಗಿ, ಹಸಿವಾದವಳ ಹಾಗೆ.

ಮರುದಿನ ಬೆಳಿಗ್ಗೆ ನಾನು ಹಾಲಿನ ಡಬ್ಬಿ ಅವಳ ಮುಂದೆ ಹಿಡಿದು ಅದರ ಮೇಲಿದ್ದ ದಿನಾಂಕ ಓದಲು ಹೇಳಿದೆ. ಓದಿದಳು. ಕೆಲಸದಿಂದ ಬಂದು ಕಾರಿನಲ್ಲಿ ಕರೆದುಕೊಂಡು ಹೊರಟೆ. ದೂರದ ಅಂಗಡಿಯ ಬೋರ್ಡುಗಳನ್ನು ತೋರಿಸಿ ಅಲ್ಲಿ ಏನು ಬರೆದಿದೆ ಎಂದು ಕೇಳುತ್ತಾ ಹೋದೆ. ಮೊದಲು ಓದಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ನೀವು ಯಾವಾಗಿಂದ ಕಣ್ಣಿನ ಡಾಕ್ಟ್ರು?"

"ತಲೆನೋವು ಏನಾದ್ರೂ ಇದೆಯಾ?"

"ಇತ್ತು. ನೀವು ಕಾರು ಹತ್ತಿಸಿದ ಮೇಲೆ."

ಇನ್ನೂ ಒಂದು ದಿನ ನಾನು ಅವಳ ಕಣ್ಣಿನ ಪಾಪೆಯನ್ನು ನೋಡುತ್ತಿದ್ದೆ. ಅವಳು ಎಂದಿನಂತೆ ಸೂಜಿಗೆ ದಾರ ಪೋಣಿಸಿದಳು, ಅಕ್ಕಿಯಲ್ಲಿ ಕಲ್ಲು ಆರಿಸಿದಳು. ಏನೂ ಆಗಲಿಲ್ಲ. ಆ ದಿನಗಳಲ್ಲಿ ಒಮ್ಮೆ ನಾನು ನೇರವಾಗಿ "ನೀನು ಕುಡಿದೆಯಾ" ಎಂದು ಕೇಳಿದೆ, ಅವಳು ಉತ್ತರಿಸದೆ ಬಟ್ಟೆ ಮಡಚುತ್ತಾ ಹೋದಳು ಎಂದು ನನ್ನ ನೆನಪು. ಅವಳನ್ನು ಕೇಳಿದರೆ, "ನೀವು ಒಂದು ದಿನವೂ ಕೇಳ್ಲಿಲ್ಲ. ಕೇಳಿದ್ರೆ ಹೇಳ್ತಿದ್ದೆ," ಎನ್ನುತ್ತಾಳೆ. "ಹಾಗಾದ್ರೆ ಈಗ ಹೇಳು" ಎಂದರೆ, "ಈಗ ನೀವು ಕೇಳೋದು ಬೇರೆ ಕಾರಣಕ್ಕೆ," ಎನ್ನುತ್ತಾಳೆ.

ಆಮೇಲೆ ಅವಳು ಬದಲಾದದ್ದು ನಿಜ. ಫೋನಿನಲ್ಲಿದ್ದ ಆ ಒಡೆದ ಮುಖದ ಚಿತ್ರವನ್ನು ಅಳಿಸಿ, ಮಾವ ಕಂಡಕ್ಟರ್ ಚೀಲ ಹಾಕಿಕೊಂಡು ಬಸ್ಸಿನ ಬಾಗಿಲಲ್ಲಿ ನಿಂತ ಚಿತ್ರ ಇಟ್ಟುಕೊಂಡಳು. ರಾತ್ರಿ ಎದ್ದು ಕೂರುವುದು ನಿಂತಿತು. ಮಾವ ವೈನ್ ತೆಗೆದುಕೊಂಡದ್ದರಿಂದ ಹೀಗಾಯಿತೋ, ತೆಗೆದುಕೊಂಡಂತೆ ಕಾಣಲಿ ಎಂದು ಅವಳೇ ಏರ್ಪಾಡು ಮಾಡಿ, ಆ ಏರ್ಪಾಡನ್ನೇ ನಂಬಿದಳೋ? ಎರಡನೆಯದು ಸಾಧ್ಯವೇ ಎಂದು ನಾನು ಬಹಳ ಯೋಚಿಸಿದ್ದೇನೆ. ಅಥವಾ ಅವಳಿಗೆ ಬೇಕಾಗಿದ್ದದ್ದು ಅಪ್ಪನ ಲೋಟದಿಂದ ಒಂದು ಗುಟುಕು ಮಾತ್ರವೋ?

ಭಾವನ ಕಥೆಯನ್ನೂ ಹುಡುಕಿದೆ. ಲೇಬಲ್ಲಿನ ಕಲ್ಲುಗೋಡೆ, ಅಂಜೂರದ ಮರದ ಗುರುತಿನಿಂದ ಇಂಟರ್ನೆಟ್ಟಿನಲ್ಲಿ ಅಂಥದ್ದೇ ಒಂದು ಲೇಬಲ್ಲು ಸಿಕ್ಕಿತು. ಮನೆಮಂದಿಯೆಲ್ಲ ಸೇರಿ ಗುಂಡಿಯಲ್ಲಿ ಕೊಂಬು ಜೋಡಿಸುತ್ತಿರುವ ಚಿತ್ರ, ನಡುವೆ ಬೂಟು ಹಾಕಿದ ಒಬ್ಬ ಅಜ್ಜಿ. ತಾವು ವೈನನ್ನು ಸೋಸುವುದಿಲ್ಲ, ಅಡಿಯಲ್ಲಿ ಗಸಿ ಸಹಜ ಎಂದು ಬರೆದಿದ್ದರು. ಯಾವುದನ್ನು ಕಂಡು ಕಲಬೆರಕೆ ಎಂದುಕೊಂಡೆನೋ ಅದೇ ಅಸಲಿನ ಗುರುತಾಗಿರಬಹುದು. ಆದರೆ ನನ್ನ ಬಾಟಲಿ ಚೂರಾಗಿ ಹೋಗಿದೆ. ಚಿತ್ರ ನೋಡಿದ ಮೇಲೆ ನನ್ನ ನೆನಪಿನ ಅಂಜೂರದ ಮರವೂ ಆ ಚಿತ್ರದ ಮರದಂತೆಯೇ ಆಗಿದೆ. ಇದನ್ನು ನಾನು ಸಾಕ್ಷಿ ಎಂದು ಇಟ್ಟುಕೊಳ್ಳಲಾರೆ.

ಕಳೆದ ರಜೆಯಲ್ಲಿ ಸುರತ್ಕಲ್ಲಿಗೆ, ಹೆಂಡತಿಯ ಅಕ್ಕನ ಮನೆಗೆ ಹೋಗಿದ್ದೆವು. ಅದೇ ಇಸ್ತಿಕಾನಾಗಳ ಜೊತೆ ಕೊಂಡಿದ್ದ ಇನ್ನೊಂದು ಸೆಟ್ಟನ್ನು ಅವರಿಗೆ ಉಡುಗೊರೆ ಕೊಟ್ಟಿದ್ದೆವು, ಅದು ಶೋಕೇಸಿನಲ್ಲಿತ್ತು. ನಾನು ಮಂಗಳೂರಿಗೆ ಹೋಗಿ ಫ್ರೆಂಚ್ ಕೆಂಪು ವೈನ್ ತಂದೆ. ಆ ತೋಟದ್ದು ಸಿಗಲಿಲ್ಲ, ಬೇರೆ ತೋಟದ್ದು. ಅಲ್ಲಿ ಅದನ್ನು ಕೈಯಲ್ಲಿ ಹಿಡಿದು ರಸ್ತೆಯಲ್ಲಿ ನಡೆಯಬಹುದು ಎಂಬುದೇ ವಿಚಿತ್ರವೆನಿಸಿ ಎರಡು ಸಲ ಹಿಂದೆ ತಿರುಗಿ ನೋಡಿದೆ.

ಏಸಿಯ ಗಾಳಿಗೆ ಒಂದು ಗುಟುಕು ಆರಬಲ್ಲದೇ ಎಂದು ಅಳೆದು ನೋಡಬೇಕಿತ್ತು. ಏಸಿ ಇರುವ ಕೋಣೆಯಲ್ಲಿ ಚಾಪೆ ಹಾಸಿ, ಪಕ್ಕದಲ್ಲಿ ಬಿಸಿ ಅನ್ನದ ತಟ್ಟೆ, ದೀಪ. ಲೋಟಕ್ಕೆ ಚಿನ್ನದ ಗೆರೆಯವರೆಗೆ ವೈನ್ ಸುರಿದು, ಫೋನಿನಲ್ಲಿ ಫೋಟೋ ತೆಗೆದು, ಬಾಗಿಲು ಮುಚ್ಚಿ ಕೀಲಿ ಹಾಕಿ ಕೀಲಿಯನ್ನು ಜೇಬಿಗೆ ಹಾಕಿಕೊಂಡೆ. ಹೆಂಡತಿ ಜಗಲಿಯಲ್ಲಿ ಕೂತು ನೋಡುತ್ತಿದ್ದಳು.

"ಎಷ್ಟು ಹೊತ್ತು ಕಾಯ್ತೀರಿ?"

"ಅವತ್ತಿಗಿಂತ ಹೆಚ್ಚು."

"ಅವತ್ತು ಎಷ್ಟು ಹೊತ್ತು ಅಂತ ನೆನಪುಂಟಾ ನಿಮಗೆ?"

ಇರಲಿಲ್ಲ. ಅದಕ್ಕೇ ಊಟದ ಹೊತ್ತಿನವರೆಗೆ ಕಾದೆ. ಆಮೇಲೆ ಕೀಲಿ ತೆಗೆದು ಒಳಗೆ ಹೋದೆ. ಅವಳೂ ಹಿಂದೆ ಬಂದಳು. ನಾನು ಇನ್ನೊಂದು ಫೋಟೋ ತೆಗೆದು ಮೊದಲಿನದಕ್ಕೆ ಹೋಲಿಸುತ್ತಿದ್ದಾಗ ಅವಳು "ನೋಡಿ ಆಯ್ತಾ?" ಎಂದು ಕೇಳಿ, ಲೋಟ ಎತ್ತಿ ಒಂದು ಗುಟುಕು ಕುಡಿದು ಮತ್ತೆ ಅಲ್ಲೇ ಇಟ್ಟಳು. ಅವಳು ವೈನ್ ಕುಡಿದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಮೊದಲ ಸಲ ಕುಡಿಯುವವರ ಮುಖ ಹುಳಿಗೆ, ಒಗರಿಗೆ ಕಿವುಚಿಕೊಳ್ಳುತ್ತದೆ. ಅವಳದು ಕಿವುಚಿಕೊಳ್ಳಲಿಲ್ಲ. ನಾನು ಸರಿಯಾಗಿ ನೋಡುವಷ್ಟರಲ್ಲಿ ಅವಳು ಅನ್ನದ ತಟ್ಟೆ ಎತ್ತಿಕೊಂಡು ಬಾಗಿಲಿಗೆ ಹೋಗಿದ್ದಳು.

ಅವಳು ಕುಡಿಯುವ ಮೊದಲು ತೆಗೆದ ಆ ಎರಡನೆಯ ಫೋಟೋ ಇನ್ನೂ ನನ್ನ ಫೋನಿನಲ್ಲಿದೆ. ಕಾದದ್ದೆಲ್ಲ ಕಾದ ಮೇಲೂ ಅದರಲ್ಲಿ ವೈನ್ ಚಿನ್ನದ ಗೆರೆಗೆ ಸರಿಯಾಗಿ ನಿಂತಿದೆ, ಕೂದಲೆಳೆಯಷ್ಟೂ ಇಳಿದಿಲ್ಲ.